ಕರಿಬಸಮ್ಮ ಪಳಗಿಸಿದ ಕೆಂದ

ಎತ್ತು ಪಳಗಿಸುವುದು ಗಂಡಸರ ಕೆಲಸ ಎಂದು ಮೀಸೆ ತಿರುವುವವರು ಸೂಳೆಕೆರೆ ಸೀಮೆಯಲ್ಲಿ ಈಗಲೂ ಇದ್ದಾರೆ. ಅಂಥವರ ಬಾಯಿ ಮುಚ್ಚಿಸಲು ನನಗೆ ನಮ್ಮಜ್ಜಿ ಕರಿಬಸಮ್ಮನ ಹೆಸರೊಂದೇ ಸಾಕು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ, ಇದ್ದಿಲ ಅನಿಲದಿಂದ ಓಡಲೆಂದು ಚನ್ನಗಿರಿ ಬಸ್ಸಿನ ಹಿಂಬದಿಗೆ ಇದ್ದಿಲ ಒಲೆ ಕಟ್ಟಿದ್ದರು. ಹೊಗೆ ಕಾರುತ್ತ ಗಡಗಡಿಸುವ ಆ ಬಸ್ಸನ್ನು ಕಂಡು ಜನರೇ ಬೇಲಿ ಹಾರುತ್ತಿದ್ದರು, ಇನ್ನು ಎತ್ತುಗಳ ಪಾಡು ಕೇಳಬೇಕೆ? ನಮ್ಮಜ್ಜ ಮರುಳಸಿದ್ದಪ್ಪ ಒಂದು ಜಾಣತನ ಮಾಡಿದ. ಕಾಣದಿದ್ದರೆ ಬೆದರುವುದಿಲ್ಲವೆಂದು ತನ್ನ ಒಂಟೆತ್ತಿನ ಗಾಡಿಯ ಎತ್ತು ಕೆಂದನ ಕಣ್ಣಿಗೆ ರುಮಾಲು ಕಟ್ಟಿದ. ಬರೀ ಸದ್ದು ಕೇಳಿ, ಏನೂ ಕಾಣದೆ ಕೆಂದ ದಿಕ್ಕೆಟ್ಟು ನುಗ್ಗಿತು. ಭತ್ತದ ಚೀಲಗಳ ಸಮೇತ ಗಾಡಿ ಕಾಲುವೆಗೆ ಬಿತ್ತು. ಅಜ್ಜನ ಮೊಣಕಾಲು ಜಜ್ಜಿಹೋಯಿತು, ಊರ ಮುಂದೆ ಮಾನವೂ ಹೋಯಿತು.

“ಇದನ್ನ ಹೊನ್ನಾಳಿ ಸಂತೆಗೆ ಹೊಡ್ಕೊಂಡು ಹೋಗಿ ಮಾರಿಬಿಡ್ತೀನಿ” ಎಂದ.

ಬಸ್ಸಿಗೆ ಬೆದರುವ ಎತ್ತನ್ನು ಯಾವ ರೈತ ಕೊಳ್ಳುತ್ತಾನೆ? ಕಟುಕರ ಪಾಲಾಗುವುದು ಖಂಡಿತ. ಕೆಂದನ ತಾಯಿ ಈದ ದಿನವೇ ಸತ್ತಿತ್ತು. ಬೇರೆ ಹಸುವಿನ ಹಾಲು ಕುಡಿಸಿ ಅದನ್ನು ಬದುಕಿಸಿದವಳು ಅಜ್ಜಿ. ಅವಳು ಅಜ್ಜನಿಗೆ ಅಡ್ಡ ನಿಂತಳು.

“ನಿಮ್ಮ ಕಾಲು ವಾಸಿ ಆಗೋವರ್ಗು ತಡೀರಿ. ಆಮೇಲೂ ಬೆದರಿದ್ರೆ ನಾನೇ ಕಣ್ಣಿ ಬಿಚ್ಚಿ ಕೊಡ್ತೀನಿ.”

ಒಲೆಗೆ ಇದ್ದಿಲು ತುಂಬಲು ಬಸ್ಸು ನಮ್ಮೂರ ಬಾವಿಕಟ್ಟೆಯ ಹತ್ತಿರ ನಿಲ್ಲುತ್ತಿತ್ತು. ಮರುದಿನದಿಂದ ಅಜ್ಜಿ ಕೆಂದನಿಗೆ ಕೊಟ್ಟಿಗೆಯಲ್ಲಿ ಹುರುಳಿ ಇಡಲಿಲ್ಲ. ಕಟ್ಟೆಯಿಂದ ದೂರದ ಹುಣಸೆಮರಕ್ಕೆ ಕಟ್ಟಿ, ಬಸ್ಸು ಬಂದು ನಿಂತಾಗ ಮಾತ್ರ ಬುಟ್ಟಿ ಇಟ್ಟಳು. ಮೊದಮೊದಲು ಅದು ಕಣ್ಣಿ ಕಿತ್ತುಹೋಗುವಂತೆ ಜಗ್ಗಿತು, ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ಅಜ್ಜಿ ಹೊಡೆಯಲಿಲ್ಲ, ಬೈಯಲಿಲ್ಲ. ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ ನಿಂತಳು. ತಿನ್ನತೊಡಗಿದ ಮೇಲೆ ಬುಟ್ಟಿಯನ್ನು ದಿನವೂ ಒಂದಿಷ್ಟು ಬಸ್ಸಿನ ಕಡೆಗೆ ಸರಿಸಿದಳು. ಕೊನೆಕೊನೆಗೆ ಹಾರ್ನ್ ಕೇಳಿದರೆ ಸಾಕು, ಕೆಂದ ಜೊಲ್ಲು ಸುರಿಸುತ್ತಿತ್ತು.

ಕಾಲು ವಾಸಿಯಾದ ಅಜ್ಜ ಭತ್ತ ಹೇರಿ ಗಾಡಿ ಕಟ್ಟಿದ. ದೂರದಲ್ಲಿ ಬಸ್ಸಿನ ಸದ್ದು ಕೇಳಿದ್ದೇ ತಡ, ಅವನು ಹೆದರಿ ಹಗ್ಗ ಬಿಗಿಹಿಡಿದ. ಮೂಗುದಾರ ಜಗ್ಗಿದ್ದಕ್ಕೆ ಕೆಂದ ಬುಸುಗುಟ್ಟಿ ಹಿಂದೆ ಸರಿಯಿತು.

“ಎತ್ತಿಗೆ ರೂಢಿ ಆಗೈತೆ, ನಿಮಗೆ ಆಗಿಲ್ಲ. ಇಳೀರಿ” ಎಂದಳು ಅಜ್ಜಿ.

ಗಾಡಿಯ ಮುಂದಿನ ತುದಿಯ ಮೂಕಿಯ ಮೇಲೆ ಕೂತು ಎತ್ತು ಹೊಡೆಯುವುದಿರಲಿ, ಹೆಂಗಸರು ನೊಗ ದಾಟಿದರೂ ತಪ್ಪು ಎನ್ನುತ್ತಿದ್ದ ಕಾಲ ಅದು. ಕಟ್ಟೆಯ ಮೇಲಿದ್ದವರೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಂತೆ ಅಜ್ಜಿ ಸೆರಗು ಸಿಕ್ಕಿಸಿ ಮೂಕಿ ಏರಿದಳು, ಹಗ್ಗ ಸಡಿಲ ಬಿಟ್ಟಳು. ಬಸ್ಸು ಹೊಗೆ ಉಗುಳುತ್ತ ಪಕ್ಕದಲ್ಲೇ ಹಾದುಹೋಯಿತು. ಕೆಂದ ಒಮ್ಮೆ ಕಿವಿ ಕೊಡವಿ ಹೆಜ್ಜೆ ಹಾಕಿತು. ಇದನ್ನು ಹೇಳುವಾಗಲೆಲ್ಲ ನನಗೆ ಎದೆ ಉಬ್ಬುತ್ತದೆ.

ಊರಿನ ಹಿರಿಯ ಬೆನಕಪ್ಪ ಅಡ್ಡ ಬಂದು, “ಏನಪ್ಪ ಮರುಳಸಿದ್ದಪ್ಪ, ಹೆಂಗಸನ್ನ ಮೂಕಿ ಮೇಲೆ ಕೂರ್ಸೀಯಲ್ಲ?” ಎಂದು ಗದರಿದರು.

ಅಜ್ಜ ಹಿಂದಿನಿಂದ ಗಾಡಿ ಹತ್ತಿ, ಚೀಲಕ್ಕೆ ಒರಗಿ ಕೂತ.

“ಎತ್ತು ಮಾರಾಕೆ ಹೊಂಟಿಲ್ಲ ಬೆನಕಪ್ಪಾರೆ, ಗಿರಣಿಗೆ ಭತ್ತ ಹಾಕಾಕೆ ಹೊಂಟೀವಿ. ಗಾಡಿ ಹೊಡಿಯಾಕೆ ಬರೋರು ಹೊಡೀತಾರೆ. ದಾರಿ ಬಿಡ್ರಿ.”