ಎಡಗೈಗೂ ಒಗ್ಗುವ ಚಾಕು

ಘಾಜಿಯಾಬಾದಿನ ಆ ಮನೆಯಲ್ಲಿ ನನ್ನನ್ನು ಯಾರೂ ಒಂದು ದಿನವೂ ಗದರಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿದವರಿಗೆ ಅವರು ಕೆಟ್ಟ ಜನ ಅನ್ನಿಸಬಹುದು.

ವಿನ್ಯಾಸದ ಓದು ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಚಮಚ, ಫೋರ್ಕು, ಬಾಟಲಿ ಓಪನರ್, ಅಡುಗೆಮನೆಯ ಚಾಕು ಇಂಥವನ್ನು ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರು. ನನ್ನನ್ನು ಬಿಡಲು ದಾವಣಗೆರೆಯಿಂದ ಅಪ್ಪ ಜೊತೆಗೆ ಬಂದಿದ್ದರು. ಮಾಲೀಕರು ಅವರಿಗೆ ಚಹಾ ಕೊಟ್ಟು, ತಮ್ಮ ಮನೆಯ ಎರಡನೇ ಮಹಡಿಯಲ್ಲಿದ್ದ ಕೋಣೆ ತೋರಿಸಿ, "ನಿಮ್ಮ ಮಗಳು ನಮ್ಮ ಮಗಳು ಇದ್ದ ಹಾಗೆ. ಹಾಸ್ಟೆಲ್ಲು ಗೀಸ್ಟೆಲ್ಲು ಯಾಕೆ?" ಅಂದರು. ಅಪ್ಪನ ಅರೆಬರೆ ಹಿಂದಿಗೂ ಅದು ಅರ್ಥವಾಯಿತು. ವಾಪಸ್ ರೈಲು ಹತ್ತುವಾಗ ಅವರ ಮುಖದಲ್ಲಿದ್ದ ನಿರಾಳ ನೋಡಿ ನನಗೂ ಸಮಾಧಾನವಾಗಿತ್ತು.

ಬೆಳಿಗ್ಗೆ ಮಾಲೀಕರ ಕಾರಿನಲ್ಲಿ ಕಾರ್ಖಾನೆಗೆ, ಸಂಜೆ ಅದೇ ಕಾರಿನಲ್ಲಿ ಮನೆಗೆ. ಅವರನ್ನು ಅಂಕಲ್‌ಜಿ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟೀಜಿ. ಬಿಸಿ ರೊಟ್ಟಿಯ ಮೇಲೆ ತುಪ್ಪ ಸವರಿ, ಬೇಡವೆಂದರೂ ಇನ್ನೊಂದು ಹಾಕುವ ಆಂಟೀಜಿ. ಸಂಜೆಯಾದರೆ ಗೇಟಿಗೆ ಬೀಗ ಬೀಳುತ್ತಿತ್ತು. ಒಮ್ಮೆ ಹಳೆಯ ಸಹಪಾಠಿಗಳನ್ನು ನೋಡಲು ದಿಲ್ಲಿಗೆ ಹೋಗಿಬರುತ್ತೇನೆಂದೆ. "ಹೋಗು ಬೇಟಾ, ಯಾರು ಬೇಡ ಅಂತಾರೆ?" ಎಂದು ಡ್ರೈವರನ್ನು ಜೊತೆಗೆ ಕಳಿಸಿದರು. ಹೋಟೆಲಿನ ಗಾಜಿನಾಚೆ ಅವನು ನಿಂತೇ ಇದ್ದ. ಅವನಿಗೆ ಹಸಿವಾಗಿರಬಹುದು, ಕಾಲು ನೋಯುತ್ತಿರಬಹುದು ಎಂದುಕೊಳ್ಳುತ್ತ ನಾನು ತಂದಿಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದುಬಂದೆ. ಮತ್ತೆ ಹೊರಗೆ ಹೋಗುತ್ತೇನೆಂದು ಕೇಳುವ ಮನಸ್ಸಾಗಲಿಲ್ಲ.

ಆ ಚಳಿಗಾಲದಲ್ಲಿ ಯುರೋಪಿನ ಒಬ್ಬ ಖರೀದಿದಾರ ಮಡಚುವ ಸಣ್ಣ ಚಾಕು ಬೇಕೆಂದು ಕೇಳಿದ. ಹಗುರವಾಗಿರಬೇಕು, ಜೇಬಿನಲ್ಲಿದ್ದರೆ ಇದೆ ಅಂತ ಗೊತ್ತಾಗಬಾರದು. ಅಷ್ಟೇ ಅವನ ಬೇಡಿಕೆ. ಅಂಕಲ್‌ಜಿ ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ನಿಜವಾಗಿ ಖುಷಿಪಟ್ಟ ಮೊದಲ ಕೆಲಸ ಅದು.

ನನಗೆ ಏನು ಬೇಕೆಂಬುದು ಸ್ಪಷ್ಟವಾಗಿತ್ತು. ಅಲಗು ಬೆರಳುದ್ದ ಸಾಕು, ಹಣ್ಣು ಸೀಳುವಷ್ಟು ತೆಳ್ಳಗಿರಬೇಕು. ಮೊನೆ ಸೂಜಿಯಂತೆ ಇರಬಾರದು, ಯಾಕೆಂದರೆ ಅಂಥದ್ದನ್ನು ನೋಡಿದವರಿಗೆ ಭಯವಾಗುತ್ತದೆ, ಅದು ಬೇಗ ಮುರಿಯುತ್ತದೆ ಕೂಡ. ಹಿಡಿಗೆ ಗಟ್ಟಿ ನೈಲಾನ್, ಅದರೊಳಗೆ ತೆಳು ಸ್ಟೀಲ್ ತಗಡು, ಆ ತಗಡಿಗೂ ತೂತು ಹೊಡೆದು ತೂಕ ಇಳಿಸಬೇಕು. ತೆರೆದ ಅಲಗು ಬೆರಳ ಮೇಲೆ ಮುಚ್ಚಿಕೊಳ್ಳದಂತೆ ಒಂದು ಲಾಕ್.

ಅಂಕಲ್‌ಜಿಗೆ ನನ್ನ ಚಿತ್ರ ಹಿಡಿಸಲಿಲ್ಲ. "ಕೈಗೆ ತೂಕ ಬರದ ಮಾಲಿಗೆ ಯಾರು ದುಡ್ಡು ಕೊಡ್ತಾರೆ ಬೇಟಾ? ಎರಡು ತುದಿಗೂ ಹಿತ್ತಾಳೆ ಹಾಕು. ಒಂದು ಬಾಟಲಿ ಓಪನರ್ ಸೇರಿಸು. ಒಂದು ಪುಟ್ಟ ಟಾರ್ಚೂ ಇರಲಿ."

"ಅವರು ಹಗುರ ಬೇಕು ಅಂದಿದ್ದಾರೆ, ಅಂಕಲ್‌ಜಿ."

"ಅನ್ನೋದೇ ಬೇರೆ, ಕೊಳ್ಳೋದೇ ಬೇರೆ."

ಕೊನೆಗೆ ಎರಡೂ ಬಗೆಯ ಮಾದರಿ ಮಾಡೋಣವೆಂದು ಒಪ್ಪಿದರು. ನನ್ನ ಮೊದಲ ಮಾದರಿ ತಯಾರಾಗಿ ಬಂದಾಗ ಅದನ್ನು ಮನೆಗೆ ತಂದೆ. ತೋರಿಸಲು ನನಗಿದ್ದದ್ದು ಒಬ್ಬರೇ, ಆ ಮನೆಯ ಸೊಸೆ.

ನಾನು ಅವರನ್ನು ಭಾಭಿ ಎನ್ನುತ್ತಿದ್ದೆ. ಮೀರತ್ ಕಡೆಯವರು, ನನಗಿಂತ ಎರಡು ಮೂರು ವರ್ಷ ದೊಡ್ಡವರು. ಟೀಚರಾಗಬೇಕೆಂದು ಓದುತ್ತಿದ್ದಾಗ ನಡುವೆಯೇ ಮದುವೆಯಾಗಿತ್ತು. ಗಂಡ ವ್ಯಾಪಾರದ ಮೇಲೆ ಊರೂರು ಸುತ್ತುತ್ತಿದ್ದ. ಅತ್ತೆಯಾದ ಆಂಟೀಜಿಯನ್ನು ಅವರು ಮಮ್ಮೀಜಿ ಅನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಆಂಟೀಜಿ ಮಲಗಿದಾಗ ನಾವಿಬ್ಬರೂ ತಾರಸಿಗೆ ಹೋಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದೆವು. ಸೀಬೆಹಣ್ಣು, ಮೂಲಂಗಿ, ಕಪ್ಪುಪ್ಪು. ಕೆಳಗೆ ರಸ್ತೆ ಕಾಣುತ್ತಿತ್ತು. ಯಾರು ಎಲ್ಲಿಗೆ ಹೊರಟಿರಬಹುದೆಂದು ಊಹಿಸುವುದು ನಮ್ಮ ಆಟ.

ಅವತ್ತು ಭಾಭಿಯ ಕೈಗೆ ಚಾಕು ಕೊಟ್ಟೆ. ಅವರು ಮೆಟ್ಟಿಲ ಕಡೆ ಒಮ್ಮೆ ನೋಡಿ, ಅದನ್ನು ಎಡಗೈಗೆ ಬದಲಾಯಿಸಿಕೊಂಡರು.

"ನೀವು ಎಡಚರಾ?" ನಾನು ಊಟದ ಮನೆಯಲ್ಲಿ ಎಂದೂ ಗಮನಿಸಿರಲಿಲ್ಲ.

"ಇಲ್ಲಿ ಮಾತ್ರ," ಎಂದು ನಕ್ಕರು. "ಕೆಳಗೆ ಬಲಗೈ. ಎಡಗೈಲಿ ಹಣ್ಣು ಕೊಯ್ದರೆ ಮಮ್ಮೀಜಿಗೆ ಸರಿಬರಲ್ಲ. ಬೈಯಲ್ಲ ಅವರು. ಸುಮ್ಮನೆ ಬಂದು ಕೈಯಿಂದ ತಗೊಂಡು ತಾವೇ ಕೊಯ್ತಾರೆ."

ಅಲಗು ಎಬ್ಬಿಸಲು ಇದ್ದದ್ದು ಉಗುರು ಸಿಕ್ಕಿಸುವ ಒಂದು ಗೀರು, ಅದೂ ಒಂದೇ ಬದಿಗೆ. ಭಾಭಿಯ ಉಗುರು ಜಾರಿತು. ಹೇಗೋ ತೆರೆದು ಸೀಬೆ ಕೊಯ್ದರು. ಮಡಚುವಾಗ ಇನ್ನೂ ಕಷ್ಟ. ನಾನು ಹಾಕಿದ್ದ ಲಾಕ್ ಹಿಡಿಯೊಳಗಿನ ಒಂದು ತಗಡು, ಅದನ್ನು ಪಕ್ಕಕ್ಕೆ ತಳ್ಳಲು ಬಲಗೈ ಹೆಬ್ಬೆಟ್ಟೇ ಬೇಕು. ಎಡಗೈಯಲ್ಲಿ ಅವರು ಒದ್ದಾಡುವುದನ್ನು ನೋಡುತ್ತಾ ನನಗೆ ಮುಜುಗರವಾಯಿತು.

"ಇದನ್ನ ಎಲ್ಲಿ ಇಟ್ಕೊಳ್ಳೋದು?" ಎಂದರು ಆಮೇಲೆ. "ನನ್ನ ಸಲ್ವಾರಿಗೆ ಜೇಬೇ ಇಲ್ಲ."

"ತುದಿಯಲ್ಲಿ ಒಂದು ರಿಂಗ್ ಹಾಕ್ತೀನಿ. ಬೀಗದ ಕೈ ಗೊಂಚಲಿಗೆ ಸಿಕ್ಕಿಸ್ಕೊಳ್ಳಿ."

"ಗೊಂಚಲು ಮಮ್ಮೀಜಿ ಹತ್ರ ಇರುತ್ತೆ."

ಇಬ್ಬರಿಗೂ ನಗು ಬಂತು. ಆಮೇಲೆ ನಗು ನಿಂತಿತು.

ನನ್ನ ಹಗುರ ಚಾಕುವಿನ ಎರಡನೇ ಮಾದರಿಯನ್ನು ಭಾಭಿಯ ಕೈಗಾಗಿಯೇ ಮಾಡಿದೆ ಅಂದರೂ ತಪ್ಪಿಲ್ಲ. ಉಗುರುಗೀರಿನ ಬದಲು ಅಲಗಿನಲ್ಲೇ ಹೆಬ್ಬೆಟ್ಟು ಕೂರುವಂಥ ಒಂದು ತೂತು, ಯಾವ ಕಡೆಯಿಂದಲೂ ತಳ್ಳಬಹುದು. ಲಾಕನ್ನು ಒಂದು ಸ್ಟೀಲ್ ಪಟ್ಟಿಯಾಗಿ ಹಿಡಿಯ ಬೆನ್ನಿಗೆ ಸಾಗಿಸಿದೆ. ಅಲಗು ತೆರೆದುಕೊಂಡಾಗ ಬೆನ್ನಿನ ಪಟ್ಟಿಯ ತುದಿ ಅಲಗಿನ ಕಚ್ಚಿನೊಳಗೆ ಬೀಳುತ್ತದೆ, ಮಡಚಲು ಬೆನ್ನನ್ನು ಒತ್ತಿದರಾಯಿತು. ಬಲಗೈ, ಎಡಗೈ ಎರಡಕ್ಕೂ ಒಂದೇ. ಆ ಪಟ್ಟಿ ಸಡಿಲವಾಗದಂತೆ ಕೂರಿಸುವುದು ಸುಲಭವಿರಲಿಲ್ಲ, ಟೂಲ್ ರೂಮಿನವರು ಗೊಣಗುತ್ತಲೇ ಮಾಡಿಕೊಟ್ಟರು. ತಾರಸಿಯ ಮೇಲೆ ಭಾಭಿ ಅದನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. 'ಟಕ್' ಅಂತ ಕೂರುವ ಸದ್ದು ಅವರಿಗೆ ತುಂಬಾ ಇಷ್ಟವಾಯಿತು. ಒಂದು ವಾರ ನಿಮ್ಮ ಹತ್ತಿರವೇ ಇರಲಿ ಎಂದೆ.

ಖರೀದಿದಾರ ಮನೆಗೆ ಊಟಕ್ಕೆ ಬಂದ ದಿನ ಮೇಜಿನ ಮೇಲೆ ಎರಡೂ ಮಾದರಿ ಇದ್ದವು, ಹಿತ್ತಾಳೆಯದ್ದು ಮುಂದೆ, ನನ್ನದು ಪಕ್ಕದಲ್ಲಿ. ಅವನು ಎರಡನ್ನೂ ಕೈಯಲ್ಲಿ ತೂಗಿ ನೋಡಿ, ಹಗುರವಾದದ್ದನ್ನು ಬಡಿಸುತ್ತಿದ್ದ ಭಾಭಿಯ ಕಡೆ ಚಾಚಿ, ತಟ್ಟೆಯಲ್ಲಿದ್ದ ಸೇಬು ತೋರಿಸಿ ನಕ್ಕ. ನೀವು ಬಳಸಿ ನೋಡಿ ಎಂಬಂತೆ. ಭಾಭಿ ಯೋಚಿಸಲಿಲ್ಲ. ಎಡ ಹೆಬ್ಬೆಟ್ಟಿನಿಂದ ಅಲಗು ಎಬ್ಬಿಸಿ, ಸಿಪ್ಪೆಯನ್ನು ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಬಿಡಿಸಿದರು. ಹಣ್ಣು ಹೋಳು ಮಾಡಿ, ಬೆನ್ನು ಒತ್ತಿ, 'ಟಕ್' ಎಂದು ಮಡಚಿ ಇಟ್ಟರು. ಆಮೇಲಷ್ಟೇ ತಾವೆಲ್ಲಿದ್ದೇವೆಂದು ನೆನಪಾದಂತೆ ಎರಡೂ ಕೈಯನ್ನು ದುಪಟ್ಟಾದ ಕೆಳಗೆ ಸೇರಿಸಿಕೊಂಡರು.

ಎಡಗೈಯವರಿಗೂ ಆಗುತ್ತದೆಯೇ ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ. "ಅದಕ್ಕೇ ಹಾಗೆ ಮಾಡಿಸಿದ್ದು," ಎಂದರು ಅಂಕಲ್‌ಜಿ, ತಡಮಾಡದೆ. ಆರ್ಡರ್ ಹಗುರವಾದ ಚಾಕುವಿಗೇ ಸಿಕ್ಕಿತು. ಆಂಟೀಜಿ ಎಲ್ಲರಿಗೂ ಸಿಹಿ ಹಂಚಿದರು, ಭಾಭಿಗೂ, ನನಗೂ.

ಮರುದಿನ ಆಂಟೀಜಿ ಪಾಲಕ್ ಸೋಸುತ್ತ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಬೇಟಾ, ನೀನು ಓದಿದ ಹುಡುಗಿ, ನಾಳೆ ಹೋಗಿಬಿಡ್ತೀಯ. ಅವಳು ಇಲ್ಲೇ ಇರೋಳು. ಅವಳಿಗೆ ಹೊಸ ಅಭ್ಯಾಸ ಕಲಿಸಬೇಡ." ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೆನ್ನೆ ತಟ್ಟಿದರು. ಆ ಭಾನುವಾರ ತಾರಸಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಮಂಗಗಳ ಕಾಟ ಹೆಚ್ಚಾಗಿದೆ ಅಂದರು. ಮಂಗಗಳು ಬರುತ್ತಿದ್ದದ್ದೂ ನಿಜವೇ.

ಭಾಭಿ ಆ ಬಾಗಿಲ ಬಳಿ ಕೊನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ನಾನೂ ಕುಳಿತೆ. ಬಾಗಿಲಿನ ಸಂದಿಯಿಂದ ಒಂದು ಗೆರೆ ಬಿಸಿಲು ಬರುತ್ತಿತ್ತು.

"ನನ್ನಿಂದಾಗಿ ಹೀಗಾಯ್ತು," ಎಂದೆ.

"ನಿನ್ನಿಂದ ಏನಿಲ್ಲ. ನೀನು ಹೊರಟುಹೋಗು. ಇನ್ನೂ ಇಲ್ಲಿದ್ದರೆ ನಿನಗೂ ಗಂಡು ಹುಡುಕ್ತಾರೆ. ತಮಾಷೆಯಲ್ಲ, ಮೀರತ್‌ನಲ್ಲಿ ಒಬ್ಬ ಹುಡುಗನ ಮಾತು ಆಗಲೇ ಬಂದಿದೆ."

ಅವತ್ತೇ ಅಪ್ಪನಿಗೆ ಫೋನ್ ಮಾಡಿದೆ. ದಿಲ್ಲಿಯ ಮಯೂರ್ ವಿಹಾರ್‌ನಲ್ಲಿ ನಮ್ಮ ಕಡೆಯ ಇಬ್ಬರು ಹುಡುಗಿಯರು ಫ್ಲ್ಯಾಟ್ ಹಿಡಿದಿದ್ದರು, ಅವರ ಜೊತೆ ಇರುತ್ತೇನೆಂದೆ.

"ಅವರೇನಾದ್ರೂ ಅಂದ್ರಾ?" ಅಪ್ಪನಿಗೆ ಗಾಬರಿ.

"ಇಲ್ಲಪ್ಪ."

"ಊಟ ತಿಂಡಿ?"

"ಎಲ್ಲಾ ಚೆನ್ನಾಗಿದೆ."

"ಮತ್ತೆ ಯಾಕಮ್ಮ?"

ಯಾಕೆಂದು ಹೇಳಲು ನನ್ನ ಹತ್ತಿರ ಒಂದು ಏಟಾಗಲಿ, ಒಂದು ಬೈಗುಳವಾಗಲಿ ಇರಲಿಲ್ಲ. "ಉಸಿರು ಕಟ್ಟುತ್ತಪ್ಪ," ಎಂದೆ. ಅಪ್ಪ, ಅಲ್ಲಿನ ಹೊಗೆಗೆ ಇರಬೇಕು, ಡಾಕ್ಟರಿಗೆ ತೋರಿಸು ಎಂದರು.

ಆದರೂ ನಾನು ಹೊರಟೆ. ಅಂಕಲ್‌ಜಿ ಸಂಬಳ ಹೆಚ್ಚಿಸುತ್ತೇನೆಂದರು, ಕೆಳಗಿನ ದೊಡ್ಡ ಕೋಣೆ ಬಿಟ್ಟುಕೊಡುತ್ತೇನೆಂದರು, ಕೊನೆಗೆ ಮುಖ ಸಣ್ಣದು ಮಾಡಿಕೊಂಡು, "ನಮ್ಮಿಂದ ಏನು ಕಮ್ಮಿ ಆಯ್ತು?" ಎಂದು ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಆಟೋದವನು ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದ. ಸೂಟ್‌ಕೇಸಿನ ಒಂದು ಬದಿ ಭಾಭಿ ಹಿಡಿದರು, ಇನ್ನೊಂದು ನಾನು. ಬಾಗಿಲಲ್ಲೇ ಅವರ ಕೈ ಹಿಂದಕ್ಕೆ ಹೋಯಿತು.

ಮಯೂರ್ ವಿಹಾರ್‌ನ ಮೊದಲ ಸಂಜೆ ಹಾಲು ತರಲು ಒಬ್ಬಳೇ ಕೆಳಗಿಳಿದೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಇನ್ನೂ ಸ್ವಲ್ಪ ದೂರ ನಡೆಯಬಹುದಿತ್ತು. ಆದರೆ ಕಾಲು ತಾನಾಗಿಯೇ ಹಿಂದಿರುಗಿತು, ಯಾರೋ ಕಾಯುತ್ತಿದ್ದಾರೆಂಬಂತೆ. ಆ ಅಭ್ಯಾಸ ಬಿಡಲು ನನಗೆ ಬಹಳ ಕಾಲ ಹಿಡಿಯಿತು.

ಕಾರ್ಖಾನೆಯ ಕೆಲಸವನ್ನೂ ಬಿಟ್ಟು ಬೇರೆ ಕಡೆ ಸೇರಿದೆ. ಚಾಕು ಮಾರಾಟವಾಯಿತೆಂದು ಕೇಳಿದ್ದೇನೆ. ಹೋಳಿ ಕಳೆದ ಮೇಲೆ ಒಮ್ಮೆ ಆ ಮನೆಗೆ ಹೋದೆ. ಆಂಟೀಜಿ ತಬ್ಬಿಕೊಂಡು, ಇಳಿದುಹೋಗಿದ್ದೀಯ ಎಂದರು. ಭಾಭಿ ಗರ್ಭಿಣಿಯಾಗಿದ್ದರು, ನನ್ನನ್ನು ನೋಡಿ ಅವರ ಮುಖ ಅರಳಿತು. ಆದರೆ ಸೋಫಾದಲ್ಲಿ ನಮ್ಮಿಬ್ಬರ ನಡುವೆ ಆಂಟೀಜಿ ಕುಳಿತರು. ಟೀವಿಯಲ್ಲಿ ಧಾರಾವಾಹಿ ಓಡುತ್ತಿತ್ತು. ನಾವು ಮೂವರೂ ಅದನ್ನೇ ನೋಡಿದೆವು. ಗಂಟೆ ಕಳೆದು ನಾನು ಎದ್ದಾಗ ಭಾಭಿಯೂ ಏಳಲು ಹೋದರು.

"ನೀನು ಕೂತ್ಕೋ, ಆಯಾಸ ಮಾಡ್ಕೋಬೇಡ," ಎಂದು ಅವರ ಭುಜ ಮೃದುವಾಗಿ ಒತ್ತಿದ ಆಂಟೀಜಿ, ನನ್ನನ್ನು ಬೀಳ್ಕೊಡಲು ತಾವೇ ಗೇಟಿನವರೆಗೂ ಬಂದರು.