ಸಿದರಾಯ ಬಲೆ ಎತ್ತದ ದಿನ

ಹುನ್ನೂರಿನ ಸಿದರಾಯನಿಗೆ ಸೊಕ್ಕು ಅಂತ ಇದ್ದರೆ ಅದು ಕುರಿ ಹಿಕ್ಕೆಯ ವಿಷಯದಲ್ಲಿ ಮಾತ್ರ. ಉಳಿದಂತೆ ಹರಕು ಕಂಬಳಿಯ ಬಡಪಾಯಿ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ಮಲಗಿಸಿ ಗೊಬ್ಬರ ಮಾಡಿಕೊಡುವುದು ಅವನ ಕಸುಬು. ಸುತ್ತ ಬಲೆ ಕಟ್ಟಿ ಒಳಗೆ ಹಿಂಡು ಕೂಡಿಹಾಕಬೇಕು, ಮರುದಿನ ಬಲೆ ಕಿತ್ತು ಪಕ್ಕದ ಜಾಗಕ್ಕೆ ಸರಿಸಬೇಕು. ಹಾಗೆ ಸರಿಸುತ್ತ ಹೋದರೆ ಹೊಲಕ್ಕೆಲ್ಲ ಗೊಬ್ಬರ ಸಮನಾಗಿ ಬೀಳುತ್ತದೆ. ಬೇರೆ ಕುರುಬರು ಇದನ್ನು ಕೆಲಸವೆಂದು ಮಾಡಿದರೆ ಈ ಪುಣ್ಯಾತ್ಮ ರಂಗೋಲಿ ಹಾಕಿದಂತೆ ಮಾಡುತ್ತಿದ್ದ. ನಿದ್ದೆಗೆಟ್ಟು ಎದ್ದು ಕುರಿಗಳನ್ನೂ ಎಬ್ಬಿಸುತ್ತಿದ್ದ; ಎದ್ದ ಕುರಿ ಸುಮ್ಮನೆ ನಿಲ್ಲುವುದಿಲ್ಲ, ಮಾಡುವುದನ್ನು ಮಾಡಿಯೇ ಮತ್ತೆ ಮಲಗುತ್ತದೆ.

ಗೊಬ್ಬರದ ಚೀಲಕ್ಕೆ ಅಂಗಡಿ ಮುಂದೆ ಪಾಳಿ ನಿಲ್ಲಬೇಕಾಗಿದ್ದ ವರ್ಷಗಳವು. ಚಿಕ್ಕಪಡಸಲಗಿ ರಸ್ತೆಗೆ ಹೊಂದಿದ ಗಿರಿಮಲ್ಲಪ್ಪನ ಹೊಲ ಪ್ರತಿ ಬೇಸಿಗೆ ಸಿದರಾಯನದೇ. ಗಿರಿಮಲ್ಲಪ್ಪನೋ ಮಹಾ ಅನುಮಾನದ ಪ್ರಾಣಿ. ಕುರಿಗಳು ದಾರಿಯಲ್ಲೇ ಹೊಟ್ಟೆ ಖಾಲಿ ಮಾಡಿಕೊಂಡು ಬಂದಾವೆಂದು ಬದುವಿನ ಮೇಲೆ ಕೂತು ಹಿಂಡಿನ ಹಿಂಭಾಗವನ್ನೇ ನೋಡುತ್ತಿದ್ದ. ಆದರೂ ಆ ಹೊಲ ಇದ್ದರೆ ಹೊಳೆದಂಡೆಯ ಮೇವು, ನೀರು ಎರಡೂ ಸಿಗುತ್ತಿದ್ದವು. ಅದು ಕೈತಪ್ಪಿದರೆ ಕಡುಬೇಸಿಗೆಯಲ್ಲಿ ಹಿಂಡಿಗೆ ಬೇರೆ ಗತಿ ಇರಲಿಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಹೆಂಡತಿ ಯಲ್ಲಕ್ಕ ಬುತ್ತಿ ಕಟ್ಟಿಕೊಂಡು ಬಸ್ಸಿಳಿದಳು. ದೀಪಾವಳಿಗೆ ಮನೆ ಬಿಟ್ಟ ಗಂಡನ ಮುಖವನ್ನು ಆಕೆ ಆಮೇಲೆ ನೋಡಿಯೇ ಇರಲಿಲ್ಲ. ಎರಡು ರಾತ್ರಿ ಇದ್ದು ಹೋದಳು. ಆ ಎರಡೂ ರಾತ್ರಿ ಬಲೆ ಇದ್ದಲ್ಲೇ ಇತ್ತು. ಪಕ್ಕದ ಜಾಗಕ್ಕೆ ಒಂದು ಹಿಕ್ಕೆಯೂ ಬೀಳಲಿಲ್ಲ. ಒಪ್ಪಿದ ದಿನಗಳ ಲೆಕ್ಕ ತಪ್ಪಬಾರದಲ್ಲ; ಯಾರಿಗೆ ತಿಳಿಯುತ್ತದೆ ಬಿಡು ಅಂದುಕೊಂಡು ಸಿದರಾಯ ಅದನ್ನು ದಾಟಿ ಮುಂದಿನ ಜಾಗಕ್ಕೆ ಬಲೆ ಒಯ್ದ.

ತಿಳಿಯದೆ ಏನು! ಮಳೆಗಾಲದಲ್ಲಿ ಗೋವಿನಜೋಳ ಎದ್ದಾಗ ಹೊಲದ ನಟ್ಟನಡುವೆ ಒಂದು ಚೌಕ ಕಡುಹಸಿರಾಗಿ ಆಳೆತ್ತರ ನಿಂತಿತು. ಪಕ್ಕದ ಚೌಕ ಕಾಮಾಲೆ ಬಂದಂತೆ ಹಳದಿ. ಜಮಖಂಡಿ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು. ಯಲ್ಲಕ್ಕ ಬಂದುಹೋದದ್ದನ್ನು ಕಂಡವರಿದ್ದರು, ತಾಳೆ ಹಾಕುವುದು ಕಷ್ಟವಾಗಲಿಲ್ಲ. ಬೀರೇಶ್ವರನ ಗುಡಿಕಟ್ಟೆಯ ಮುದುಕರು ಕೂಡ ಬೊಚ್ಚುಬಾಯಿ ಬಿಟ್ಟು ನಕ್ಕರು. ಸಿದರಾಯ ಸಂತೆಗೆ ಹೋಗುವುದನ್ನೇ ಬಿಟ್ಟ.

ಗಿರಿಮಲ್ಲಪ್ಪ ಹುನ್ನೂರಿಗೇ ಬಂದು ಸಿದರಾಯನ ಮನೆಯ ಕಟ್ಟೆಯ ಮೇಲೆ ಕೂತ. ತನ್ನ ಹೊಲ ಯಾರದೋ ಹಾಸಿಗೆಯಲ್ಲ, ಬರುವ ಬೇಸಿಗೆಗೆ ಬೇರೆಯವರ ಕುರಿ ಕರೆಸುತ್ತೇನೆ ಎಂದು ನಾಲ್ಕು ಜನರೆದುರು ಹಂಗಿಸಿದ. ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲಾಯಿತೆಂದು ಸಿದರಾಯನಿಗೆ ಅಳುವೇ ಬಂದಿತ್ತು.

ರೊಟ್ಟಿ ಬಡಿಯುತ್ತಿದ್ದ ಯಲ್ಲಕ್ಕ ಹಿಟ್ಟಿನ ಕೈಯಲ್ಲೇ ಹೊರಬಂದಳು.

“ಗೌಡ್ರ, ಎಂಟು ತಿಂಗಳು ನಿಮ್ಮಂಥವರ ಹೊಲದಾಗ ಬೀಳೋ ಮನಷ್ಯಾ ಎರಡ ದಿನ ಹೆಂಡ್ತಿ ಮಾರಿ ನೋಡಿದ್ರ ಹಿಂಗ ಆಕೈತ್ರಿ. ನಿಮಗ ದಿನಾ ಬಿಸಿ ರೊಟ್ಟಿ ಹಾಕಾಕ ಮನ್ಯಾಗ ನಿಮ್ಮ ಹೆಂಡ್ತಿ ಇಂದ್ರವ್ವಾರ ಅದಾರ. ನನಗ ಯಾರ ಅದಾರ್ರಿ?”

ಗಿರಿಮಲ್ಲಪ್ಪ ಟೋಪಿ ಸರಿಮಾಡಿಕೊಂಡ. ಬರುವ ವರ್ಷ ಸಮನಾಗಿ ಬೀಳುತ್ತದೆಂದು ಏನು ಖಾತ್ರಿ ಎಂದು ಮೆಲ್ಲಗೆ ಕೇಳಿದ.

“ಹಿಂಡಿನ ಸಂಗಾಟ ನಾನೂ ಬರ್ತೇನ್ರಿ,” ಎಂದಳು. ಗಂಡನನ್ನು ಒಂದು ಮಾತೂ ಕೇಳಲಿಲ್ಲ.

ದೀಪಾವಳಿಗೆ ಮನೆಗೆ ಬೀಗ ಬಿತ್ತು. ರೊಟ್ಟಿ ಬೇಯಿಸುವ ಹಂಚು, ಹಿಟ್ಟಿನ ಚೀಲ, ಎರಡು ಕೋಳಿ ಕುದುರೆಯ ಬೆನ್ನೇರಿದವು. ಬೇಸಿಗೆಯಲ್ಲಿ ಗಿರಿಮಲ್ಲಪ್ಪನ ಹೊಲದಲ್ಲಿ ದಿನಾ ಬಲೆಯ ಗೂಟ ಕಿತ್ತವಳು ಯಲ್ಲಕ್ಕನೇ. ಗಂಡ ಆಕಳಿಸಿದರೆ ಬೈಗುಳ ತಪ್ಪುತ್ತಿರಲಿಲ್ಲ, ಅವನಿಗೆ ಅದೂ ಹಿತವಾಗಿತ್ತು.

ಮರುಮಳೆಗಾಲ ಗೋವಿನಜೋಳ ಈ ಬದುವಿನಿಂದ ಆ ಬದುವಿನವರೆಗೆ ಒಂದೇ ಎತ್ತರ, ಒಂದೇ ಹಸಿರು. ಬಸ್ಸಿನಿಂದ ಕತ್ತು ಹೊರಹಾಕಿದವರಿಗೆ ನಿರಾಸೆ. ಒಮ್ಮೆ ಗಂಡಹೆಂಡತಿ ಜಮಖಂಡಿಗೆ ಹೊರಟಾಗ ಕಂಡಕ್ಟರ್ ವಿಠೋಬಾ ತಡೆಯಲಾರದೆ ಕೇಳಿಯೇಬಿಟ್ಟ, ಈ ವರ್ಷ ಹೊಲದಲ್ಲಿ ಏನೂ ಕಾಣುವುದಿಲ್ಲವಲ್ಲ ಎಂದು. ಸಿದರಾಯನ ಕಿವಿ ಕೆಂಪಾದವು.

“ದಿನಾ ಸಂಗಾಟ ಇದ್ವಿ, ಎಲ್ಲಾ ಕಡಿ ಸಮ ಬಂದೈತಿ,” ಎಂದಳು ಯಲ್ಲಕ್ಕ. “ಎರಡ ಟಿಕೀಟ ಕೊಡು ತಮ್ಮಾ.”