ಸೆನ್ಸರ್ ಮೈಮೇಲೆ ಎರಡು ಕೆಂಪು ಚುಕ್ಕೆ

ಗೆಳೆಯರೇ, ಸಕಲೇಶಪುರದ ನಮ್ಮ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಇವತ್ತು ಬೀಜದ ಸಿಪ್ಪೆ ಸುಲಿಯುವ ಹಲ್ಲರ್ ಯಂತ್ರಕ್ಕೆ ಕಂಪನ ಅಳೆಯುವ ಸೆನ್ಸರ್ ಕೂರಿಸಲು ಹೋದೆ. ಅದು ಮೇಲೆ ಕೆಳಗೆ ಆಗುವ ನಡುಕವನ್ನಷ್ಟೇ ಹೇಳಬೇಕು. ಅಡ್ಡ ಅಲುಗಾಟವನ್ನೂ ಸೇರಿಸಿಕೊಂಡರೆ ಚೆನ್ನಾಗಿರುವ ಬೇರಿಂಗನ್ನೂ ಕೆಟ್ಟಿದೆ ಎಂದು ಸುಮ್ಮನೆ ಬಿಚ್ಚಿಸಿಬಿಡುತ್ತದೆ. ಅದಕ್ಕೇ ಕಂಪನಿಯವರು ಸೆನ್ಸರಿನ ಒಂದು ಬದಿಗೆ ಕೆಂಪು ಚುಕ್ಕೆ ಇಟ್ಟಿರುತ್ತಾರೆ. ಚುಕ್ಕೆಯನ್ನು ಅಡ್ಡ ಅಲುಗಾಟದ ಕಡೆಗೆ ತಿರುಗಿಸಿದರೆ ಸೆನ್ಸರ್ ಅದಕ್ಕೆ ಹೆಚ್ಚುಕಡಿಮೆ ಕಿವುಡಾಗುತ್ತದೆ.

ನೋಡಿದರೆ ಎರಡು ಚುಕ್ಕೆ! ಮೊನ್ನೆ ಆಯುಧಪೂಜೆಗೆ ಫಿಟ್ಟರ್ ರಾಮಣ್ಣ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಇದಕ್ಕೂ ಇಟ್ಟಿದ್ದರು. ಕಂಪನಿಯದು ಯಾವುದೆಂದು ತಿಳಿಯಲು ಒರೆಸಿ ನೋಡಹೋದೆ.

“ಪೂಜೆ ಕುಂಕುಮ ಒರೆಸ್ಬಾರ್ದು ಕಣ್ರೀ, ಎರಡೂ ತಿರುಗ್ಸಿ ನೋಡಿ” ಎಂದು ರಾಮಣ್ಣ ತಡೆದರು.

ಯಾವುದನ್ನು ಆ ಕಡೆ ತಿರುಗಿಸಿದರೂ ಅಡ್ಡ ಅಲುಗಾಟದ ಅಳತೆ ಒಂದೇ ಮಟ್ಟಕ್ಕೆ ಇಳಿಯಿತು! ಕುಂಕುಮವು ಕಂಪನಿ ಚುಕ್ಕೆಯ ನೇರ ಹಿಂಬದಿಗೆ ಬಿದ್ದಿತ್ತು. ಆ ಬದಿಯೂ ಅಷ್ಟೇ ಕಿವುಡು.

“ಕಂಪ್ನಿಯೋರು ಇನ್ನೊಂದು ಇಡೋದು ಮರ್ತ್ಬುಟ್ಟವ್ರೆ, ನಾನ್ ಇಟ್ಟಿವ್ನಿ ಬಿಡಿ” ಎಂದರು ರಾಮಣ್ಣ.